ಮುಹಮಾಲೈನ ಮಣ್ಣು, ದೂರದೇಶದ ಹಣ

ಶ್ರೀಲಂಕೆಯ ಕಿಲಿನೊಚ್ಚಿಯಿಂದ ಜಾಫ್ನಾ ಕಡೆಗೆ ಎ-9 ಹೆದ್ದಾರಿ ಹಿಡಿದು ಹೊರಟರೆ ಎಲಿಫೆಂಟ್ ಪಾಸ್ ದಾಟಿ, ಪಳೈ ಊರು ಕಳೆದ ಸ್ವಲ್ಪ ಹೊತ್ತಿಗೆ ಮುಹಮಾಲೈ ಬರುತ್ತದೆ. ಇಲ್ಲಿ ನೆಲ ಕಿರಿದು. ಒಂದು ಕಡೆ ಕಿಲಾಲಿಯ ಹಿನ್ನೀರು, ಇನ್ನೊಂದು ಕಡೆ ನಾಗರ್‌ಕೋವಿಲ್‌ನ ಕಡಲತಡಿ. 2000ದ ಏಪ್ರಿಲ್‌ನಲ್ಲಿ ಎಲಿಫೆಂಟ್ ಪಾಸ್ ಸೇನಾನೆಲೆ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ವಶವಾದ ಮೇಲೆ ಈ ಎರಡು ನೀರುಗಳ ನಡುವಿನ ಪಟ್ಟಿಯೇ ಯುದ್ಧದ ಗಡಿಯಾಯಿತು. 2009ರ ಆರಂಭದವರೆಗೂ ಎರಡೂ ಪಡೆಗಳು ಇಲ್ಲಿ ಎದುರುಬದುರು ಬೀಡುಬಿಟ್ಟಿದ್ದವು. ಸೇನೆ ತನ್ನ ಬಂಕರ್‌ಗಳ ಮುಂದೆ ಕಾರ್ಖಾನೆಯಲ್ಲಿ ತಯಾರಾದ ನೆಲಬಾಂಬ್‌ಗಳನ್ನು ಸಾಲಾಗಿ ಹೂತಿತು. ಎಲ್‌ಟಿಟಿಇ ತಾನೇ ತಯಾರಿಸಿದ ‘ಜಾನಿ’ ಬಾಂಬ್‌ಗಳನ್ನು ಹೂತಿತು. ಗಡಿ ಹಿಂದೆ ಮುಂದೆ ಸರಿದಾಗಲೆಲ್ಲ ಹಳೆಯ ಸಾಲಿನ ಮೇಲೆ ಹೊಸ ಸಾಲು ಬಿತ್ತು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದರೂ ಮಣ್ಣಿನೊಳಗೆ ಹೂತದ್ದು ಹಾಗೇ ಉಳಿಯಿತು. ಜಗತ್ತಿನಲ್ಲಿ ಅತಿ ದಟ್ಟವಾಗಿ ನೆಲಬಾಂಬ್ ತುಂಬಿದ ಜಾಗಗಳನ್ನು ಎಣಿಸುವಾಗ ಮುಹಮಾಲೈ ಹೆಸರು ಇವತ್ತಿಗೂ ಬರುತ್ತದೆ.

ಈ ಮಣ್ಣನ್ನು ವರ್ಷಗಟ್ಟಲೆಯಿಂದ ಕೆದಕಿ ಶುದ್ಧ ಮಾಡುತ್ತಿರುವವರಲ್ಲಿ ಹೆಚ್ಚಿನವರು ಉತ್ತರ ಪ್ರಾಂತ್ಯದ ತಮಿಳರೇ. ಅವರಲ್ಲಿ ಹೆಂಗಸರು ಬಹಳ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ಮನೆಯ ಭಾರ ಹೊತ್ತವರು ಅನೇಕರು. ಅವರ ತಿಂಗಳ ಸಂಬಳ ಮಾತ್ರ ವಾಷಿಂಗ್ಟನ್, ಟೋಕಿಯೊ, ಲಂಡನ್, ಓಸ್ಲೊಗಳಿಂದ ಬರುತ್ತದೆ. ನೆಲಬಾಂಬ್ ತೆರವು ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಯಂತ್ರ, ಹೆಲ್ಮೆಟ್, ಸ್ಫೋಟ. ಆದರೆ ಒಂದು ಊರಿನ ಗದ್ದೆ ಇನ್ನು ಎಷ್ಟು ವರ್ಷಕ್ಕೆ ಉಳುಮೆಗೆ ಸಿಗುತ್ತದೆ ಎಂಬುದು ಕೊನೆಗೆ ನಿಂತಿರುವುದು ಸಾವಿರಾರು ಮೈಲಿ ಆಚೆ ಮಂಡನೆಯಾಗುವ ಬಜೆಟ್ಟಿನ ಒಂದು ಸಾಲಿನ ಮೇಲೆ.

ಹಣ ಯಾತಕ್ಕೆ ಅಷ್ಟು ಬೇಕು ಎಂಬುದು ಕೆಲಸವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಬಿಸಿಲೇರುವ ಮುನ್ನ ಕೆಲಸ ಶುರು. ಎದೆ, ಹೊಟ್ಟೆ ಮುಚ್ಚುವ ದಪ್ಪ ಕವಚ, ಮುಖಕ್ಕೆ ಪಾರದರ್ಶಕ ಮುಸುಕು. ಪ್ರತಿಯೊಬ್ಬರಿಗೂ ಸುಮಾರು ಒಂದು ಮೀಟರ್ ಅಗಲದ ಒಂದು ಓಣಿ. ಓಣಿಯ ಅಡ್ಡಕ್ಕೆ ನೆಲದ ಮೇಲೆ ಒಂದು ಕೋಲು. ಕೋಲಿನ ಈಚೆಗಿನದು ಶುದ್ಧ, ಆಚೆಗಿನದು ಶಂಕೆಯ ನೆಲ. ಲೋಹಶೋಧಕ ಸದ್ದು ಮಾಡಿದ ಕಡೆ ಮಂಡಿಯೂರಿ ಕುಳಿತು, ಬದಿಯಿಂದ ಮಣ್ಣು ಬಿಡಿಸುತ್ತಾ ಹೋಗಬೇಕು. ಆದರೆ ಮುಹಮಾಲೈನಂಥ ಕಡೆ ಲೋಹಶೋಧಕ ಹೆಚ್ಚು ನೆರವಿಗೆ ಬರುವುದಿಲ್ಲ. ಅಲ್ಲಿ ನೆಲದ ತುಂಬ ಶೆಲ್ ಚೂರು, ಖಾಲಿ ತೋಟಾ, ಮುಳ್ಳುತಂತಿಯ ತುಂಡು. ಹೆಜ್ಜೆಹೆಜ್ಜೆಗೂ ಯಂತ್ರ ಕೂಗುತ್ತದೆ. ಕೂಗಬೇಕಾದ ಬಾಂಬ್‌ನಲ್ಲೋ ಲೋಹವೇ ಕಡಿಮೆ: ಒಂದರ ಹೊರಮೈ ಪ್ಲಾಸ್ಟಿಕ್, ಇನ್ನೊಂದರದ್ದು ಮರ. ಹಾಗಾಗಿ ಶ್ರೀಲಂಕೆಯ ಮರಳುಮಿಶ್ರಿತ ಮಣ್ಣಿನಲ್ಲಿ ಕುಂಟೆಯನ್ನೇ ಹೋಲುವ ಹಲ್ಲುಗಳ ಉದ್ದ ಹಿಡಿಯ ಸಲಕರಣೆ ಬಳಕೆಗೆ ಬಂತು. ಮೊದಲು ಗಟ್ಟಿ ಹಲ್ಲಿನದರಿಂದ ಮಣ್ಣು ಸಡಿಲಿಸಿ, ಆಮೇಲೆ ಹಗುರವಾದುದರಿಂದ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಮಣ್ಣಿನ ಗೋಡೆಯ ಬುಡದಿಂದ ಎಳೆಯುವುದರಿಂದ ಬಾಂಬ್‌ನ ಪಕ್ಕಕ್ಕೆ ಹಲ್ಲು ತಾಗುತ್ತದೆಯೇ ಹೊರತು ನೆತ್ತಿಯ ಮೇಲೆ ಭಾರ ಬೀಳುವುದಿಲ್ಲ. ಸಿಡಿಯುವುದು ನೆತ್ತಿ ಒತ್ತಿದಾಗ. ಇಷ್ಟು ಎಚ್ಚರದಿಂದ ದಿನವಿಡೀ ದುಡಿದರೆ ದಟ್ಟ ಜಾಗದಲ್ಲಿ ಒಬ್ಬರಿಗೆ ದಕ್ಕುವುದು ಕೆಲವೇ ಚದರ ಮೀಟರ್ ನೆಲ.

ಅವರ ಹಿಂದೆ ಶುಶ್ರೂಷಕರು ಇರಬೇಕು, ಆಂಬುಲೆನ್ಸ್ ಇರಬೇಕು, ವಿಮೆ ಇರಬೇಕು. ಮುಗಿದ ಜಾಗವನ್ನು ಇನ್ನೊಬ್ಬರು ಬಂದು ಮತ್ತೆ ಪರೀಕ್ಷಿಸಬೇಕು. ರಾಷ್ಟ್ರೀಯ ನೆಲಬಾಂಬ್ ಕಾರ್ಯಾಚರಣೆ ಕೇಂದ್ರ ಒಪ್ಪಿದ ಮೇಲೆಯೇ ನೆಲ ಒಡೆಯನ ಕೈಗೆ ಹೋಗುತ್ತದೆ. ಸಿಕ್ಕ ಬಾಂಬ್ ನಾಶಮಾಡುವ ಸ್ಫೋಟಕಕ್ಕೆ ಆಗುವ ಖರ್ಚು ಇದರಲ್ಲಿ ನಗಣ್ಯ. ಬಹುಪಾಲು ಹಣ ಹೋಗುವುದು ಮನುಷ್ಯರ ಸಂಬಳಕ್ಕೆ ಮತ್ತು ಅವರ ಸುರಕ್ಷತೆಗೆ.

ಒಂದು ನೆಲಬಾಂಬ್ ತಯಾರಿಸಲು 3 ಡಾಲರ್ ಸಾಕು, ಅದನ್ನು ತೆಗೆಯಲು 300ರಿಂದ 1,000 ಡಾಲರ್ ಬೇಕು ಎಂಬ ವಿಶ್ವಸಂಸ್ಥೆಯ ಹಳೆಯ ಅಂದಾಜು ಭಾಷಣಗಳಲ್ಲಿ ಆಗಾಗ ಬರುತ್ತದೆ. ಮನಸ್ಸಿಗೆ ನಾಟುವ ಲೆಕ್ಕ ನಿಜ, ಆದರೆ ಖರ್ಚಿನ ಸ್ವರೂಪವನ್ನು ಅದು ಸರಿಯಾಗಿ ತಿಳಿಸುವುದಿಲ್ಲ. ಬಾಂಬ್ ಇರುವ ಒಂದು ಅಡಿ ನೆಲಕ್ಕಿಂತ, ಬಾಂಬ್ ಇಲ್ಲ ಎಂದು ಖಾತ್ರಿ ಮಾಡಬೇಕಾದ ಸುತ್ತಲಿನ ಎಕರೆಗಟ್ಟಲೆ ನೆಲವೇ ಹೆಚ್ಚು ಹಣ ತಿನ್ನುತ್ತದೆ. ಅದಕ್ಕೇ ಅಗೆಯುವ ತಂಡಕ್ಕಿಂತ ಮೊದಲು ವಿಚಾರಿಸುವ ತಂಡ ಹೋಗಬೇಕು. ದನ ಎಲ್ಲಿ ಸತ್ತಿತು, ಸೌದೆಗೆ ಹೋದವರು ಯಾವ ದಾರಿ ಬಿಟ್ಟು ನಡೆಯುತ್ತಾರೆ, ಬಂಕರ್ ಎಲ್ಲಿತ್ತು, ಹಿಂದೆ ಎರಡೂ ಪಡೆಗಳಲ್ಲಿದ್ದವರಿಗೆ ಏನು ನೆನಪಿದೆ ಎಂದು ಊರಿನವರ ಜತೆ ಕೂತು ಕೇಳಿ ನಕ್ಷೆ ಮಾಡಬೇಕು. ಈ ಕೆಲಸ ಚೆನ್ನಾಗಿ ಆದ ಕಡೆ ಶಂಕೆಯ ಪಟ್ಟಿಯಿಂದ ದೊಡ್ಡ ದೊಡ್ಡ ಪ್ರದೇಶಗಳು ಅಗೆಯದೆಯೇ ಹೊರಬಂದಿವೆ. ದಾನಿಯ ಹಣ ಅತಿ ಹೆಚ್ಚು ಸಾರ್ಥಕವಾಗುವುದು ಈ ಹಂತದಲ್ಲಿ ಎಂದೇ ನನ್ನ ಎಣಿಕೆ. ಆದರೆ ಇಲ್ಲಿ ಫೋಟೊಕ್ಕೆ ಸಿಗುವಂಥದ್ದು ಏನೂ ಇಲ್ಲದ್ದರಿಂದ ಸುದ್ದಿಯಾಗುವುದು ಕಡಿಮೆ.

ಇನ್ನು ಕೊಡುವವರ ವಿಷಯ. 1997ರ ಜನವರಿಯಲ್ಲಿ ಬ್ರಿಟನ್ನಿನ ಡಯಾನಾ ಅಂಗೋಲಾದ ಹುವಾಂಬೊ ಬಳಿ ಕವಚ ತೊಟ್ಟು ತೆರವಾದ ಓಣಿಯಲ್ಲಿ ನಡೆದ ಚಿತ್ರ ಲೋಕಕ್ಕೆಲ್ಲ ಗೊತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೆನಡಾದ ಒಟ್ಟಾವದಲ್ಲಿ ನೆಲಬಾಂಬ್ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ಅದಕ್ಕಾಗಿ ಹೋರಾಡಿದ ಅಂತರರಾಷ್ಟ್ರೀಯ ಆಂದೋಲನಕ್ಕೂ ಅದರ ಮುಂದಾಳು ಜೋಡಿ ವಿಲಿಯಮ್ಸ್ ಅವರಿಗೂ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1999ರ ಮಾರ್ಚ್ 1ರಿಂದ ಜಾರಿಯಾದ ಈ ಒಪ್ಪಂದದ ಐದನೇ ವಿಧಿ, ಸೇರಿದ ದೇಶ ಹತ್ತು ವರ್ಷದೊಳಗೆ ತನ್ನ ನೆಲ ಶುದ್ಧ ಮಾಡಬೇಕು ಎನ್ನುತ್ತದೆ. ಆರನೇ ವಿಧಿ, ಶಕ್ತಿಯಿರುವ ದೇಶಗಳು ಅದಕ್ಕೆ ನೆರವಾಗಬೇಕು ಎನ್ನುತ್ತದೆ. ಎಷ್ಟು, ಎಂದಿನವರೆಗೆ ಎಂದು ಯಾವ ವಿಧಿಯೂ ಹೇಳುವುದಿಲ್ಲ. ಗಡುವು ಪೀಡಿತ ದೇಶಕ್ಕೆ, ಔದಾರ್ಯ ದಾನಿ ದೇಶಕ್ಕೆ. ಇಡೀ ವ್ಯವಸ್ಥೆಯ ದೌರ್ಬಲ್ಯ ಇಲ್ಲಿಂದಲೇ ಶುರುವಾಗುತ್ತದೆ.

ಹಣ ಬರುವ ದಾರಿಗಳು ಹಲವು. ವಿಶ್ವಸಂಸ್ಥೆಯ ನೆಲಬಾಂಬ್ ಸೇವಾ ವಿಭಾಗ ನಡೆಸುವ ಸ್ವಯಂಪ್ರೇರಿತ ನಿಧಿ ಒಂದು. ಐರೋಪ್ಯ ಒಕ್ಕೂಟದ್ದು ಇನ್ನೊಂದು. ಆದರೆ ಹೆಚ್ಚಿನ ಹಣ ಒಂದು ದೇಶದ ಸರ್ಕಾರದಿಂದ ನೇರವಾಗಿ ಒಂದು ಸಂಸ್ಥೆಗೆ ಬರುತ್ತದೆ. ಶ್ರೀಲಂಕೆಯಲ್ಲಿ ಬ್ರಿಟನ್ ಮೂಲದ ಹ್ಯಾಲೊ ಟ್ರಸ್ಟ್, ಮ್ಯಾಗ್ ಸಂಸ್ಥೆಗಳು, ಸ್ಥಳೀಯರೇ ಕಟ್ಟಿದ ಡ್ಯಾಶ್, ಶಾರ್ಪ್ ಸಂಸ್ಥೆಗಳು ಹೀಗೆ ಅಮೆರಿಕ, ಜಪಾನ್ ಮೊದಲಾದ ದೇಶಗಳ ಹಣದಲ್ಲಿ ಕೆಲಸ ಮಾಡುತ್ತ ಬಂದಿವೆ. ಸೇನೆಯ ತೆರವು ಘಟಕ ಸರ್ಕಾರದ ಖರ್ಚಿನಲ್ಲಿ ನಡೆಯುತ್ತದೆ. ಅನುದಾನದ ಒಪ್ಪಂದ ಎಷ್ಟೋ ಸಲ ಒಂದೊಂದೇ ವರ್ಷಕ್ಕೆ. ವರ್ಷ ಮುಗಿಯುತ್ತಾ ಬಂದಂತೆ ಮುಂದಿನ ವರ್ಷದ ಅರ್ಜಿ. ನಡುವೆ ಮೂರು ತಿಂಗಳು ತಡವಾದರೆ ತರಬೇತಾದ ತಂಡವನ್ನು ಮನೆಗೆ ಕಳಿಸಬೇಕು. ಹಾಗೆ ಹೋದವರಲ್ಲಿ ಕೆಲವರು ಬಟ್ಟೆ ಕಾರ್ಖಾನೆಗೋ ಕೊಲ್ಲಿ ದೇಶಕ್ಕೋ ಸೇರಿಬಿಡುತ್ತಾರೆ. ಮತ್ತೆ ಹಣ ಬಂದಾಗ ಹೊಸಬರನ್ನು ಹುಡುಕಿ ಮೊದಲಿನಿಂದ ಕಲಿಸಬೇಕು.

ಜಗತ್ತಿನ ಲೆಕ್ಕ ನೋಡಿದರೆ 2023ರಲ್ಲಿ ದಾನಿ ದೇಶಗಳೂ ಪೀಡಿತ ದೇಶಗಳೂ ಸೇರಿ ಈ ಕೆಲಸಕ್ಕೆ ಹಾಕಿದ್ದು ಸುಮಾರು ನೂರು ಕೋಟಿ ಡಾಲರ್. ಹೊರದೇಶಗಳಿಂದ ಬಂದ ನೆರವಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಅಮೆರಿಕ ಒಂದರದ್ದೇ. ಆ ನೆರವಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೋದದ್ದು ಉಕ್ರೇನ್ ಒಂದಕ್ಕೇ. ಉಕ್ರೇನಿನ ಗೋಧಿ ಹೊಲಗಳಿಗೆ ಆ ಹಣ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ 2023 ಮತ್ತು 2024ರಲ್ಲಿ ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಸ್ಫೋಟಕಗಳಿಗೆ ಅತಿ ಹೆಚ್ಚು ಜನ ಬಲಿಯಾದ, ಗಾಯಗೊಂಡ ದೇಶ ಮ್ಯಾನ್ಮಾರ್. 2024ರಲ್ಲಿ ಅಲ್ಲಿ 2,000ಕ್ಕೂ ಹೆಚ್ಚು ಮಂದಿ. ಅದಕ್ಕೆ ಸಿಗುವ ಹಣ ತೀರ ಅಲ್ಪ. ತಾಲಿಬಾನ್ ಬಂದ ಮೇಲೆ ಅಫ್ಗಾನಿಸ್ತಾನದ ಪಾಲೂ ಕುಸಿಯಿತು. ಹಣ ಗಾಯವನ್ನು ನೋಡಿ ಹೋಗುತ್ತಿಲ್ಲ, ದಾನಿಯ ರಾಜಕೀಯ ಆಸಕ್ತಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಿದೆ.

ಶ್ರೀಲಂಕೆಯ ತೊಂದರೆ ಇನ್ನೊಂದು ಬಗೆಯದು. ಅದು ಗೆಲ್ಲುತ್ತಾ ಬಂದದ್ದೇ ಅದಕ್ಕೆ ಮುಳುವಾಗಿದೆ. 2009ರಲ್ಲಿ ಸುಮಾರು 2.8 ಲಕ್ಷ ಜನ ಮೆನಿಕ್ ಫಾರ್ಮ್ ಮುಂತಾದ ನಿರಾಶ್ರಿತರ ಶಿಬಿರಗಳಲ್ಲಿದ್ದರು. ಅವರನ್ನು ಊರಿಗೆ ಕಳಿಸಬೇಕಾದರೆ ಮೊದಲು ದಾರಿ, ಬಾವಿ, ಶಾಲೆಯ ಅಂಗಳ ಶುದ್ಧವಾಗಬೇಕಿತ್ತು. ಆಗ ಹಣ ಬಂತು, ತಂಡಗಳು ಬಂದವು. 2012ರ ಸೆಪ್ಟೆಂಬರ್‌ನಲ್ಲಿ ಮೆನಿಕ್ ಫಾರ್ಮ್ ಮುಚ್ಚಿತು. 2017ರಲ್ಲಿ ಬಟ್ಟಿಕಲೋವ ಜಿಲ್ಲೆ ನೆಲಬಾಂಬ್ ಮುಕ್ತವೆಂದು ಘೋಷಣೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಶ್ರೀಲಂಕಾ ಒಟ್ಟಾವ ಒಪ್ಪಂದಕ್ಕೆ ಸೇರಿತು. ತನ್ನ ದಾಸ್ತಾನಿನಲ್ಲಿದ್ದ ಬಾಂಬ್‌ಗಳನ್ನು 2021ರೊಳಗೆ ನಾಶಮಾಡಿತು. ಒಂದು ಕಾಲದಲ್ಲಿ ಶಂಕೆಯಲ್ಲಿದ್ದ ನೆಲದಲ್ಲಿ ಈಗ ಉಳಿದಿರುವುದು ಅತ್ಯಲ್ಪ ಪಾಲು. ವರ್ಷಕ್ಕೆ ಗಾಯಗೊಳ್ಳುವವರು ಬೆರಳೆಣಿಕೆಯಷ್ಟು. ಅಂಕಿಅಂಶ ಹೀಗಾದ ಕೂಡಲೇ ದಾನಿಗಳ ಕಡತದಲ್ಲಿ ಆ ದೇಶ ಕೆಳಗೆ ಜಾರುತ್ತದೆ. ಉಳಿದ ಪಾಲು ಮಾತ್ರ ಅತಿ ಕಷ್ಟದ್ದು: ಮುಹಮಾಲೈನಂಥ ಗಡಿಸಾಲು, ಮುಲ್ಲೈತೀವಿನ ಕಾಡು, ಯಾರ ದಾಖಲೆಯಲ್ಲೂ ಇಲ್ಲದೆ ಊರಿನವರು ಮರಳಿದ ಮೇಲಷ್ಟೇ ಬೆಳಕಿಗೆ ಬರುವ ತುಂಡು ನೆಲಗಳು. ಪ್ರತಿ ಚದರ ಮೀಟರಿಗೆ ಇಲ್ಲಿ ಆಗುವ ಖರ್ಚು ಮೊದಲಿನ ವರ್ಷಗಳಿಗಿಂತ ಹೆಚ್ಚು. 2022ರಲ್ಲಿ ದಿವಾಳಿಯಂಚಿಗೆ ಬಂದ ಸರ್ಕಾರ ಇದನ್ನು ಒಂಟಿಯಾಗಿ ಹೊರಲಾರದು.

ಮುಗಿಸಲಾಗದ ಕೆಲಸ ಇದು ಎಂದು ಯಾರೂ ಹೇಳುವಂತಿಲ್ಲ. ಮೊಜಾಂಬಿಕ್ ಕಣ್ಣೆದುರಿಗಿದೆ. 1993ರಲ್ಲಿ ತೆರವು ಶುರುವಾದಾಗ ಅಲ್ಲಿ ನೂರಾರು ವರ್ಷ ಬೇಕೆಂದು ಮಾತಾಡಿದವರಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಆ ದೇಶ ನೆಲಬಾಂಬ್ ಮುಕ್ತವೆಂದು ಘೋಷಿಸಿಕೊಂಡಿತು. ದಾನಿಗಳು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಿಡದೆ ಹಣ ಕೊಟ್ಟದ್ದರಿಂದ ಅದು ಆಯಿತು. ಒಪ್ಪಂದ ಬಂದಂದಿನಿಂದ 30ಕ್ಕೂ ಹೆಚ್ಚು ದೇಶಗಳು ಹೀಗೆ ಕೆಲಸ ಮುಗಿಸಿವೆ.

ಅಪಾಯದ ಅರಿವು ಮೂಡಿಸುವ ಕೆಲಸ ಇದಕ್ಕೆ ಜೋಡಿ. ಅದರ ಖರ್ಚು ತೀರ ಕಡಿಮೆ, ಅದಕ್ಕೆ ಸಿಗುವ ಗಮನ ಇನ್ನೂ ಕಡಿಮೆ. ಹಲವು ದಾನಿಗಳು ತೆರವು, ಅರಿವು ಎರಡನ್ನೂ ಒಂದೇ ಲೆಕ್ಕದಲ್ಲಿ ತೋರಿಸುವುದರಿಂದ ಇದಕ್ಕೆ ನಿಜಕ್ಕೂ ಎಷ್ಟು ಹೋಯಿತು ಎಂಬುದು ಕೂಡ ಸರಿಯಾಗಿ ಸಿಗುವುದಿಲ್ಲ. ಯುದ್ಧ ಮುಗಿದ ಮೇಲೆ ಉತ್ತರ ಶ್ರೀಲಂಕೆಯ ವನ್ನಿ ಪ್ರದೇಶದ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ನಡೆದ ಪಾಠಗಳ ಹೂರಣ ಬಹಳ ಸರಳ. ಗೊತ್ತಿಲ್ಲದ ವಸ್ತು ಮುಟ್ಟಬೇಡ. ಕಲ್ಲು ಎಸೆಯಬೇಡ. ಬಂದ ಹೆಜ್ಜೆಯಲ್ಲೇ ಹಿಂದಿರುಗು. ದೊಡ್ಡವರಿಗೆ ಹೇಳು. ತಲೆಬುರುಡೆಯ ಚಿತ್ರವಿರುವ ಕೆಂಪು ಫಲಕ ಕಂಡರೆ ಅಲ್ಲೇ ನಿಲ್ಲು.

ಮಕ್ಕಳು ಬೇಗ ಕಲಿಯುತ್ತಾರೆ, ಕಷ್ಟವಿರುವುದು ದೊಡ್ಡವರಲ್ಲಿ. ಅಲ್ಲಿ ಅಪಾಯಕ್ಕೆ ಸಿಗುವವರು ತಿಳಿವಳಿಕೆ ಇಲ್ಲದವರಲ್ಲ, ಬೇರೆ ದಾರಿಯಿಲ್ಲದವರು. ಯುದ್ಧದ ಕಬ್ಬಿಣ ಗುಜರಿಗೆ ಹಾಕಿದರೆ ಆ ದಿನದ ಅಕ್ಕಿ ಬರುತ್ತದೆ. ಕಾಡಿಗೆ ಹೋಗದೆ ಒಲೆ ಉರಿಯುವುದಿಲ್ಲ. ವರ್ಷಗಳ ಮೇಲೆ ಮರಳಿದ ಮನೆಯ ಹಿತ್ತಿಲಲ್ಲಿ ಪೊದೆ ಸವರಿ ಕಸಕ್ಕೆ ಬೆಂಕಿಯಿಟ್ಟರೆ ಕೆಳಗೆ ಹುದುಗಿದ್ದು ಸಿಡಿಯುತ್ತದೆ. ಇಂಥವರಿಗೆ ‘ಹೋಗಬೇಡಿ’ ಎಂದರೆ ಸಾಲದು. ಎಲ್ಲಿ ಹೋಗಬಹುದು, ಎಲ್ಲಿ ಬೆಂಕಿ ಹಾಕಬಹುದು, ಏನಾದರೂ ಕಂಡರೆ ಯಾವ ನಂಬರಿಗೆ ಕರೆ ಮಾಡಬೇಕು ಎಂದು ಹೇಳಬೇಕು. ಕರೆ ಮಾಡಿದ ಮೇಲೆ ತಂಡವೊಂದು ಬೇಗ ಬಂದು ಅದನ್ನು ತೆಗೆಯಲೂ ಬೇಕು. ಕರೆ ಮಾಡಿ ವಾರಗಟ್ಟಲೆ ಕಾದವರು ಎರಡನೇ ಸಲ ತಾವೇ ಎತ್ತಿ ಬೇಲಿಯಾಚೆ ಇಡುತ್ತಾರೆ. ತೆರವಿನ ಹಣ ಕಡಿದರೆ ಅರಿವಿನ ಪಾಠವೂ ಪೊಳ್ಳಾಗುವುದು ಹೀಗೆ.

ಇನ್ನು, ಅರಿವು ಎಂಬುದು ಎಲ್ಲರನ್ನೂ ಕಾಯಲಾರದು. 2025ರ ಫೆಬ್ರುವರಿಯಲ್ಲಿ ಕಾಂಬೋಡಿಯದ ಸಿಯೆಮ್ ರೀಪ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಮನೆಯ ಹತ್ತಿರ ಆಡುತ್ತಿದ್ದ ಇಬ್ಬರು ಎಳೆಯ ಮಕ್ಕಳು ಹಳೆಯ ಗ್ರೆನೇಡ್ ಸಿಡಿದು ತೀರಿಕೊಂಡರು. ಇಬ್ಬರಿಗೂ ಎರಡೆರಡೇ ವರ್ಷ. ಆ ದೇಶದಲ್ಲಿ ಯುದ್ಧ ನಿಂತು 25 ವರ್ಷ ದಾಟಿತ್ತು. ಎರಡು ವರ್ಷದ ಮಗುವಿಗೆ ಯಾವ ಫಲಕ, ಯಾವ ಪಾಠ? ಅಂಥ ಮಗುವಿಗೆ ರಕ್ಷಣೆಯೆಂದರೆ ನೆಲದಲ್ಲಿ ಅದು ಇಲ್ಲದಿರುವುದು ಮಾತ್ರ.

ಅದೇ ಹೊತ್ತಿನಲ್ಲಿ ಹಣದ ದೊಡ್ಡ ನಲ್ಲಿ ನಿಂತಿತ್ತು. 2025ರ ಜನವರಿಯಲ್ಲಿ ಅಧಿಕಾರಕ್ಕೆ ಮರಳಿದ ಟ್ರಂಪ್ ಆಡಳಿತ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಅಮೆರಿಕದ ಹಣದಲ್ಲಿ ಹಲವು ದೇಶಗಳಲ್ಲಿ ನಡೆಯುತ್ತಿದ್ದ ತೆರವು ತಂಡಗಳಿಗೆ ಕೆಲಸ ನಿಲ್ಲಿಸುವ ಸೂಚನೆ ಹೋಯಿತು. ಕೆಲವು ಕಡೆ ವಾರಗಳ ಮೇಲೆ ವಿನಾಯಿತಿ ಸಿಕ್ಕಿತು. ಕಾಂಬೋಡಿಯಕ್ಕೆ ಚೀನಾ ನೆರವು ಹೆಚ್ಚಿಸಿತು. 1993ರಿಂದ ಈಚೆಗೆ 500 ಕೋಟಿ ಡಾಲರಿಗೂ ಹೆಚ್ಚು ಕೊಟ್ಟ ದೇಶ ಅಮೆರಿಕ. ಎಷ್ಟೋ ಊರುಗಳಲ್ಲಿ ಜನ ಇವತ್ತು ನಿರ್ಭಯವಾಗಿ ನಡೆಯುವುದು ಆ ಹಣದಿಂದ, ಅದನ್ನು ನೆನೆಯಲೇಬೇಕು. ಆದರೆ ಒಂದು ದೇಶದ ಚುನಾವಣೆಯ ಫಲಿತಾಂಶಕ್ಕೆ ಇನ್ನೊಂದು ದೇಶದ ಗದ್ದೆಯ ಬದುವಿನಲ್ಲಿ ಕೆಲಸ ನಿಲ್ಲುವ ಏರ್ಪಾಡು ಸರಿಯಾದ ಏರ್ಪಾಡಲ್ಲ. ಅದೇ ಅಮೆರಿಕ 2024ರ ನವೆಂಬರ್‌ನಲ್ಲಿ, ಬೈಡನ್ ಕಾಲದಲ್ಲೇ, ಉಕ್ರೇನಿಗೆ ನೆಲಬಾಂಬ್ ಕೊಡಲು ಒಪ್ಪಿತ್ತು. 2025ರಲ್ಲಿ ಎಸ್ಟೋನಿಯ, ಲಾತ್ವಿಯ, ಲಿಥುವೇನಿಯ, ಫಿನ್ಲೆಂಡ್, ಪೋಲೆಂಡ್ ದೇಶಗಳು ರಷ್ಯಾದ ಭಯದಿಂದ ಒಟ್ಟಾವ ಒಪ್ಪಂದದಿಂದ ಹೊರಬರುವ ತೀರ್ಮಾನ ಮಾಡಿದವು. ಅವರ ಭಯ ಸುಳ್ಳಲ್ಲ. ಆದರೆ ಇವತ್ತು ಹೂತದ್ದನ್ನು ತೆಗೆಯಲು ಮೂವತ್ತು ವರ್ಷದ ನಂತರ ಯಾರು ಹಣ ಕೊಡುತ್ತಾರೆ? 2024ರಲ್ಲಿ ಜಗತ್ತಿನಲ್ಲಿ ಇಂಥ ಸ್ಫೋಟಕಗಳಿಗೆ ಸಿಕ್ಕಿ ಸತ್ತವರು, ಗಾಯಗೊಂಡವರು 6,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಂದಿ ನಾಗರಿಕರು.

ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಉದ್ದದ ಗಡಿ ಕಾಯಬೇಕು ಎಂಬುದು ಸರ್ಕಾರದ ವಾದ. 2001ರ ಕೊನೆಗೆ ‘ಆಪರೇಷನ್ ಪರಾಕ್ರಮ’ದಲ್ಲಿ ಪಶ್ಚಿಮ ಗಡಿಯುದ್ದಕ್ಕೂ ನೆಲಬಾಂಬ್ ಹೂತಾಗ ಪಂಜಾಬ್, ರಾಜಸ್ಥಾನದ ರೈತರು ಬೆಳೆ ಕಳೆದುಕೊಂಡರು, ಕಾಲು ಕಳೆದುಕೊಂಡವರೂ ಇದ್ದಾರೆ. ಅವನ್ನು ತೆಗೆದವರು ನಮ್ಮ ಸೇನೆಯ ಎಂಜಿನಿಯರುಗಳೇ. ಬೆಂಗಳೂರಿನ ಹಲಸೂರಿನಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ತಯಾರಾಗುವ ಸ್ಯಾಪರ್‌ಗಳಿಗೆ ನೆಲಬಾಂಬ್ ಹೂಳುವುದೂ ತೆಗೆಯುವುದೂ ತರಬೇತಿಯ ಭಾಗ. ಈ ವಿದ್ಯೆ ನಮ್ಮಲ್ಲಿದೆ, ಕೈ ಪಳಗಿದೆ.

ಶ್ರೀಲಂಕೆಗೆ ಅದು ಉಪಯೋಗವೂ ಆಗಿದೆ. 2009ರಲ್ಲಿ ಭಾರತ 500 ಕೋಟಿ ರೂಪಾಯಿ ನೆರವು ಘೋಷಿಸಿತು. ಭಾರತದ ಏಳು ತೆರವು ತಂಡಗಳ ಪೂರ್ತಿ ಖರ್ಚನ್ನು ನಮ್ಮ ಸರ್ಕಾರವೇ ಹೊತ್ತಿತು. ನಿವೃತ್ತ ಯೋಧರು ನಡೆಸುವ ಸರ್ವತ್ರ, ಹೊರೈಜನ್ ಸಂಸ್ಥೆಗಳು ಉತ್ತರ ಪ್ರಾಂತ್ಯದಲ್ಲಿ ದುಡಿದವು. ಆಮೇಲೆ ಭಾರತದ ಸಾಲದ ನೆರವಿನಲ್ಲಿ ಇರ್ಕಾನ್ ಸಂಸ್ಥೆ ರೈಲು ಹಳಿ ಹಾಕಿತು; 2014ರ ಅಕ್ಟೋಬರ್‌ನಲ್ಲಿ ‘ಯಾಳ್ ದೇವಿ’ ರೈಲು ಜಾಫ್ನಾಕ್ಕೆ ಮರಳಿತು. ಆ ಹಳಿ ಮುಹಮಾಲೈ ಮೂಲಕವೇ ಹಾದುಹೋಗುತ್ತದೆ. ಮೊದಲು ನೆಲ ಶುದ್ಧವಾಗದಿದ್ದರೆ ಅಲ್ಲಿ ಒಂದು ಸ್ಲೀಪರ್ ಇಡಲೂ ಆಗುತ್ತಿರಲಿಲ್ಲ. ಕಾಲು ಕಳೆದುಕೊಂಡವರಿಗೆ ನಮ್ಮ ಜೈಪುರ ಕಾಲು ಅಲ್ಲಿ 1987ರಿಂದಲೂ ಗೊತ್ತು. ಜಾಫ್ನಾದಲ್ಲಿ ಅದೇ ಹೆಸರಿನ ಪುನರ್ವಸತಿ ಕೇಂದ್ರವಿದೆ. ಇವೆಲ್ಲ ನಾವು ಹೆಮ್ಮೆಪಡಬೇಕಾದ ಕೆಲಸಗಳು. ತುರ್ತು ಕಳೆದ ಮೇಲೆ ಮಾತ್ರ ತೆರವಿನ ಹೊಣೆ ಹೆಚ್ಚಾಗಿ ದೂರದ ದಾನಿಗಳ ಮೇಲೆಯೇ ಬಿತ್ತು. ರೈಲು, ಮನೆ, ಬಂದರುಗಳಿಗೆ ಸಿಕ್ಕ ಗಮನ ಉಳಿದ ಆ ತುಂಡು ನೆಲಗಳಿಗೆ ನಮ್ಮಿಂದ ಸಿಗಲಿಲ್ಲ.

ಒಪ್ಪಂದದ ಪ್ರಕಾರ ಶ್ರೀಲಂಕೆಯ ಗಡುವು 2028ರ ಜೂನ್ 1. ಅಷ್ಟರೊಳಗೆ ಆಗಬೇಕಾದದ್ದಕ್ಕೆ ಬೇಕಿರುವುದು ದೊಡ್ಡ ಮೊತ್ತವಲ್ಲ, ತುಂಡಾಗದ ಮೊತ್ತ: ವರ್ಷ ವರ್ಷ ಅರ್ಜಿ ಹಾಕಿಸದೆ ಕೆಲಸ ಮುಗಿಯುವವರೆಗಿನದನ್ನು ಒಟ್ಟಿಗೆ ಗೊತ್ತುಮಾಡಿದ ಹಣ. ಅದರಲ್ಲಿ ಒಂದು ಪಾಲು ಶಾಲೆ, ಗುಜರಿ ಅಂಗಡಿ, ಸೌದೆ ದಾರಿಗಳಲ್ಲಿ ಅರಿವು ಮೂಡಿಸುವವರ ಸಂಬಳಕ್ಕೆಂದೇ ಎತ್ತಿಡಬೇಕು. ಒಪ್ಪಂದಕ್ಕೆ ಸಹಿ ಹಾಕದೆಯೂ ಭಾರತ ಇದನ್ನು ಮಾಡಬಹುದು, 2009ರಲ್ಲಿ ಮಾಡಿಯೂ ಇತ್ತು. ಕರ್ನಾಟಕದಿಂದ ಲೋಕಸಭೆಯಲ್ಲಿ 28 ಸದಸ್ಯರಿದ್ದಾರೆ. ನೆರೆಯ ಉತ್ತರ ಶ್ರೀಲಂಕೆಯ ನೆಲಬಾಂಬ್ ತೆರವಿಗೆ ಗಡುವಿನವರೆಗೆ ಭಾರತ ಎಷ್ಟು ಕೊಡುತ್ತದೆ, ಯಾವಾಗ ಕೊಡುತ್ತದೆ ಎಂದು ಅವರಲ್ಲಿ ಒಬ್ಬರಾದರೂ ವಿದೇಶಾಂಗ ಸಚಿವರನ್ನು ಸದನದಲ್ಲಿ ಕೇಳಲಿ. ಓದುಗರು ತಮ್ಮ ಸಂಸದರಿಗೆ ಒಂದು ಪತ್ರ ಬರೆದು ಅದನ್ನು ಕೇಳಿಸಲಿ.